ಬಿಸಿಲು ಬೇಕಾಗಿದೆ

ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದಕ್ಕೆ ಬಹಳ ತಾಳ್ಮೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಬಯಲುಸೀಮೆಯವರು. ಮಡಿಕೇರಿಯಲ್ಲಿ ಹೊಲಿಯಲು ತಾಳ್ಮೆಯೇನೂ ಬೇಡ. ಹೊರಗೆ ಮಳೆ, ಪಕ್ಕದಲ್ಲಿ ಕಾಫಿ, ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ. ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ತಾಳ್ಮೆ ಬೇಕಾಗುವುದು ಆಮೇಲೆ, ಆ ಕೌದಿಯನ್ನು ಒಗೆದು ಹಗ್ಗಕ್ಕೆ ಹಾಕಿದ ಮೇಲೆ.

ನನ್ನ ತವರು ಗದಗ. ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ 3000ಕ್ಕಿಂತ ಜಾಸ್ತಿ. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳಿದ ನಮ್ಮ ಹಿರಿಯರು ಈ ಲೆಕ್ಕ ಕೇಳಲಿಲ್ಲ. ನಕ್ಷತ್ರ ಕೇಳಿದ್ದರು, ನಿಜ. ಆದರೆ ಹುಡುಗನದ್ದು. ಕೇಳಬೇಕಾಗಿದ್ದದ್ದು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಗಳ ವಿಚಾರ.

ಇಲ್ಲೊಂದು ಮಾತು. ಗುಡ್ಡ ಕುಸಿದ 2018ರ ಆಗಸ್ಟಿನ ಮಳೆಯ ಬಗ್ಗೆ ಇಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ನಾನೂ ಮಾಡುವುದಿಲ್ಲ. ನಾನು ಹೇಳುತ್ತಿರುವುದು ಸುಮ್ನೆ ಬಟ್ಟೆ ಒಣಗಲು ಬಿಡದ ಮಳೆಯ ಕಥೆ.

ಮನೆಯಲ್ಲಿ ರಜಾಯಿ ಇತ್ತು, ಕಂಬಳಿ ಇತ್ತು. ಹರಿದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಾ ಕೂತ ಸೊಸೆಯನ್ನು ನೋಡಿ ಅತ್ತೆಗೆ ಮೊದಲು ಗಾಬರಿಯೇ ಆಯಿತು. "ಹೊಸ ಕಂಬಳಿ ಬೇಕಿದ್ರೆ ಹೇಳಮ್ಮಾ, ತರಿಸೋಣ" ಅಂದರು. ಹವ್ಯಾಸ ಅಂತ ವಿವರಿಸಿದೆ. ಅವರು ಮಗನ ಕಡೆ ನೋಡಿದರು. ಅವರ ಮಗ ಪೇಪರ್ ಓದುತ್ತಿದ್ದರು.

ಊರು ಚಿಕ್ಕದು. ಯಾರೋ ಒಬ್ಬರಿಗೆ ಗೊತ್ತಾದರೆ ಸಾಕು, ಶುಕ್ರವಾರದ ಸಂತೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಚೀಲಗಳು ಬಂದು ಕೂರತೊಡಗಿದವು. ಹಳೇ ಲುಂಗಿ, ಯೂನಿಫಾರ್ಮ್, ಕರ್ಟನ್, ಯಾರದ್ದೋ ಛತ್ರಿಯ ಬಟ್ಟೆ. ಛತ್ರಿಯ ಬಟ್ಟೆ ಕೊಟ್ಟವರ ತಿಳಿವಳಿಕೆಗೆ ನನಗೆ ಈಗಲೂ ಗೌರವವಿದೆ. ಈ ಊರಿಗೆ ನಿಜವಾಗಿ ಬೇಕಾದ ಕೌದಿ ಅದೇ. ಪಾಲಿಯೆಸ್ಟರ್ ಸೀರೆಗಳಂತೂ ರಾಶಿ ರಾಶಿ. ಕೌದಿಗೆ ಹತ್ತಿ ಬಟ್ಟೆಯೇ ಆಗಬೇಕು, ಪಾಲಿಯೆಸ್ಟರ್ ಪದರಗಳು ಒಂದರ ಮೇಲೊಂದು ನಿಲ್ಲದೆ ಜಾರುತ್ತವೆ. ಆದರೆ ಅದು ಬೇಗ ಒಣಗುತ್ತದೆ! ಜುಲೈ ತಿಂಗಳಲ್ಲಿ ಆ ರಾಶಿಯ ಮುಂದೆ ನಿಂತು ನಾನು ಪಟ್ಟ ಆಸೆ ನನಗೊಬ್ಬಳಿಗೇ ಗೊತ್ತು.

ಬಟ್ಟೆ ಕೊಟ್ಟವರು ಸುಮ್ಮನೆ ಇರುವುದಿಲ್ಲ. ತಮ್ಮ ಸೀರೆ ಎಲ್ಲಿ ಸೇರಿತು ಅಂತ ನೋಡಲು ಬರುತ್ತಾರೆ. ಹೀಗೆ ಬಂದ ನಮ್ಮ ರಸ್ತೆಯ ಒಬ್ಬರು ಹಸಿರು ಚೌಕದ ಮೇಲೆ ಬೆರಳಿಟ್ಟು, "ಇದು ನಮ್ಮದು, ಮಗಳ ನಾಮಕರಣಕ್ಕೆ ತಗೊಂಡಿದ್ದು" ಅಂದು ಖುಷಿಪಟ್ಟರು. ಆಮೇಲೆ ಪಕ್ಕದ ಚೌಕ ನೋಡಿ ಮುಖ ಗಂಟಿಕ್ಕಿದರು. "ಇದು ಯಾರದ್ದು?" ಅದು ಅವರ ಬೇಲಿಯಾಚೆಯ ಮನೆಯವರ ಲುಂಗಿ. ಎರಡೂ ಮನೆಯವರು ಬೇಲಿ ಅರ್ಧ ಅಡಿ ಆಚೆ ಈಚೆ ಆದ ಕಾರಣಕ್ಕೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. "ಇಷ್ಟು ದೊಡ್ಡ ಕೌದಿಯಲ್ಲಿ ಬೇರೆ ಜಾಗ ಸಿಗಲಿಲ್ವಾ ನಿಮಗೆ?" ಅಂತ ಕೇಳಿದರು. ಸಂಜೆಗೆ ಬೇಲಿಯಾಚೆಯವರೂ ಬಂದರು. ತಮ್ಮ ಲುಂಗಿಯ ಚೌಕಕ್ಕಿಂತ ಆ ಹಸಿರು ಚೌಕ ಚೂರು ದೊಡ್ಡದಿದೆ ಅಂತ ಅವರ ಅನುಮಾನ. ಟೇಪು ಹಿಡಿದು ಅಳೆದು ತೋರಿಸಿದೆ. ಈಗ ಬಟ್ಟೆ ಕೊಡುವವರನ್ನು ಮೊದಲೇ ಕೇಳುತ್ತೇನೆ, ಯಾರ ಪಕ್ಕ ಆಗಬಹುದು ಅಂತ.

ಚೌಕಗಳೆಲ್ಲ ಮೇಲಿನ ಪದರಕ್ಕೆ. ಕೆಳಗಿನ ಪದರಗಳಿಗೆ ಇಡೀ ಸೀರೆಯೇ ಬೇಕು. ಐದೂವರೆ ಮೀಟರ್ ಸೀರೆಯನ್ನು ಅರ್ಧಕ್ಕೆ ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಜೋಡಿಸಿದರೆ ಸುಮಾರು 90 ಇಂಚು ಅಗಲ ಬರುತ್ತದೆ, ಡಬಲ್ ಕಾಟಿಗೆ ಒಂದು ಪದರ. ಇಂಥ ನಾಲ್ಕೈದು ಪದರ ಹಾಸಿ, ಸುಕ್ಕಿಲ್ಲದಂತೆ ಎಳೆದು, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬೇಕು. ಅದಕ್ಕೆ ಮಂಚದಷ್ಟು ಅಗಲದ ಸಪಾಟು ಜಾಗ ಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ, ತುಂಡು ಸೇರಿಸುತ್ತಾ ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತ್ರಿಕೋನದ ತುಂಡು. ಅವರ ಕೌದಿ ನೋಡಿದರೆ ನನಗೆ ಕೈಕೆಲಸದ ಮೇಲೆ ಎಷ್ಟು ಹೊಟ್ಟೆಕಿಚ್ಚೋ ಬಿಸಿಲಿನ ಮೇಲೂ ಅಷ್ಟೇ.

ನಮ್ಮ ಹಾಲಿನಲ್ಲಿ ಅಷ್ಟು ಜಾಗವಿಲ್ಲ. ಸುಂಟಿಕೊಪ್ಪದ ಹತ್ತಿರ ಗೆಳತಿಯ ತೋಟವಿದೆ. ಅಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ. ಮಾರ್ಚ್ ಹೊತ್ತಿಗೆ ಕಾಫಿಯೆಲ್ಲ ಮೂಟೆ ಸೇರಿ ಕಣ ಖಾಲಿಯಾಗುತ್ತದೆ. "ಬಾ, ಎಷ್ಟು ಬೇಕಾದ್ರೂ ಹಾಸ್ಕೋ" ಅಂದಳು. ಹೋದೆ, ಗುಡಿಸಿದೆ, ಹಾಸಿದೆ. ಸೀರೆಗಳ ಮೂಲೆ ಮೂಲೆಗೆ ಕಲ್ಲಿಟ್ಟು ಹೊಲಿಯಲು ಕೂತೆ.

ಮಾರ್ಚ್ ಅಂದರೆ ಕೊಡಗಿನಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಬೇಕು. ಹದವಾಗಿ ಒಂದು ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗೆ ಹೂ ಬಿಡುತ್ತದೆ. ಬೀಳದಿದ್ದರೆ ಮುಂದಿನ ಫಸಲಿಗೆ ಕಲ್ಲು. ಆ ವರ್ಷ ಮಳೆ ತಡವಾಗಿತ್ತು. ಗೆಳತಿಯ ಮಾವನವರು ದಿನಾ ಸಂಜೆ ಜಗಲಿಯಲ್ಲಿ ಕೂತು ಮೋಡ ಎಣಿಸುತ್ತಿದ್ದರು. ಇಡೀ ಊರು ಮಳೆ ಬರಲಿ ಅಂತ ಕೈಮುಗಿಯುತ್ತಿದ್ದಾಗ ನಾನೊಬ್ಬಳು ಅವರದ್ದೇ ಕಣದಲ್ಲಿ ಕೂತು, ಇವತ್ತೊಂದು ದಿನ ಬೇಡಪ್ಪಾ ಅನ್ನುತ್ತಿದ್ದೆ.

ದೇವರು ಬಹುಮತಕ್ಕೆ ಬೆಲೆ ಕೊಟ್ಟ. ಮೂರು ಗಂಟೆಗೆ ಗುಡುಗು, ಮೂರೂಕಾಲಿಗೆ ಮಳೆ. ಮನೆಯವರೆಲ್ಲ ಓಡಿ ಬಂದರು. ಕೌದಿ ಎತ್ತಲು ಬಂದರು ಅಂದುಕೊಂಡೆ. ಮಳೆ ನೋಡಲು! ಗೆಳತಿ ಅಂಗಳದಲ್ಲಿ ನೆನೆಯುತ್ತಾ ನಗುತ್ತಿದ್ದಾಳೆ. ಕೆಲಸದವರು ಚಪ್ಪಾಳೆ ತಟ್ಟುತ್ತಿದ್ದಾರೆ. ಮಾವನವರು ಬಕೆಟ್ ಇಟ್ಟು ಎಷ್ಟು ಇಂಚು ಬಿತ್ತು ಅಂತ ನೋಡುತ್ತಿದ್ದಾರೆ. ನಾನು ಐದು ಸೀರೆಗಳ ನಡುವೆ ನಿಂತಿದ್ದೇನೆ. ಅಂಥ ಸಂಭ್ರಮದ ಮಧ್ಯೆ ಅಳುವುದು ಎಷ್ಟು ಕಷ್ಟ ಗೊತ್ತಾ?

ಆ ವರ್ಷ ಅವರ ಫಸಲು ಚೆನ್ನಾಗಿ ಬಂತು. ಕೌದಿಯ ಕಾಲ್ಗುಣ ಅಂತ ಮಾವನವರೇ ತೀರ್ಮಾನ ಮಾಡಿದರು. ಈಗ ಮಾರ್ಚ್ ಬಂತೆಂದರೆ ಗೆಳತಿಯ ಫೋನ್ ಬರುತ್ತದೆ. "ಮಾವ ಕೇಳ್ತಿದಾರೆ, ಯಾವಾಗ ಬಂದು ಹಾಸ್ತೀಯಾ ಅಂತ." ಕಾರನ್ನೂ ಅವರೇ ಕಳಿಸುತ್ತಾರೆ. ಪಕ್ಕದ ತೋಟದವರೂ ವಿಚಾರಿಸಿದ್ದಾರಂತೆ.

ಹೊಲಿಗೆ ಮಷೀನಿನ ಕಥೆ ಹೇಳಿದರೆ ಉದ್ದವಾಗುತ್ತದೆ. ಜೂನ್ ಬಂದರೆ ಬಾಬಿನ್ ಕೇಸಿಗೆ ತುಕ್ಕು, ಸೂಜಿಗೆ ತುಕ್ಕು, ಗುಂಡುಪಿನ್ನಿಗೆ ತುಕ್ಕು. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಕೇಳುವುದು ಇಲ್ಲಿ ಒಳ್ಳೆಯ ನಡತೆಯಲ್ಲ. ಹಾಗಾಗಿ ನನ್ನದು ಕಾಲಲ್ಲಿ ತುಳಿಯುವ ಮಷೀನು. ಅಷ್ಟು ಸಾಕು.

ಹೋದ ಮಳೆಗಾಲದಲ್ಲಿ ಪರಿಚಯದ ಹೋಂಸ್ಟೇಯವರು ಒಂದು ಕೌದಿ ಕೇಳಿದರು. ಡಬಲ್ ಕಾಟಿನದ್ದು. ಹೊಲಿದು ಮುಗಿಸಿ ಮಡಚಿಟ್ಟೆ. ಒಗೆಯುವ ಯೋಚನೆಯೇ ಇರಲಿಲ್ಲ. ಆದರೆ ಆಗಸ್ಟ್ 3 ಬಂತು, ಅಂದರೆ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ಕೊಡಗಿನವರ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಅದರಲ್ಲಿ ಪಾಯಸ ಮಾಡುತ್ತಾರೆ. ಪಕ್ಕದ ಮನೆಯ ಆಂಟಿ ಒಂದು ದೊಡ್ಡ ಬಟ್ಟಲು ತಂದರು. ಕೌದಿ ನೋಡಬೇಕು ಅಂದರು. ಅವರ ಮೊಮ್ಮಗ ಬಟ್ಟಲು ನೋಡಬೇಕು ಅಂದ. ಇಬ್ಬರ ಆಸೆಯೂ ಒಂದೇ ಕ್ಷಣಕ್ಕೆ ಈಡೇರಿತು.

"ಬಣ್ಣ ಚೆನ್ನಾಗಿ ಹಿಡಿದಿದೆ ಅಲ್ವಾ" ಅಂದರು ಅತ್ತೆ.

ಒಗೆಯದೆ ದಾರಿಯಿಲ್ಲ. ನೀರು ತಗುಲಿದ್ದೇ ತಡ, ಒಂದು ಕೆಂಪು ಅಂಚು ತಾನೂ ಬಣ್ಣ ಬಿಟ್ಟಿತು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ನಿಲ್ಲುವುದಿಲ್ಲ. ಹೋಗುವ ಬಣ್ಣ ಹೋಗಿ ಮುಗಿಯುವ ತನಕ ನೀರು ಬದಲಿಸುತ್ತಲೇ ಇರಬೇಕು, ಅಷ್ಟೇ. ಒಣಗಿದ್ದಾಗ ಒಬ್ಬಳೇ ಎತ್ತುತ್ತಿದ್ದ ಕೌದಿಯನ್ನು ಬಚ್ಚಲಿನಿಂದ ಹೊರಗೆ ತರಲು ನಾನೂ ಇವರೂ ಸೇರಿ, ಮದುವೆ ಮನೆಯ ಅನ್ನದ ಕೊಪ್ಪರಿಗೆ ಎತ್ತಿದ ಹಾಗೆ ಎತ್ತಬೇಕಾಯಿತು. ಜಗಲಿಯ ಹಗ್ಗಕ್ಕೆ ಹಾಕಿದೆವು. ಹಗ್ಗ ಕಿತ್ತುಬಂತು, ಜೊತೆಗೆ ಮೊಳೆ, ಮೊಳೆಯ ಜೊತೆ ಗೋಡೆಯ ಗಾರೆ.

ನಮ್ಮನೆಯಲ್ಲಿ ಮಳೆಗಾಲಕ್ಕೆ ಅಗ್ಗಿಷ್ಟಿಕೆ ಇದೆ. ಕೆಂಡ ತುಂಬಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸುವುದು. ಅದರ ಆಡಳಿತ ಅತ್ತೆಯದು. ಬೆಳಿಗ್ಗೆ ಆಫೀಸಿಗೆ ಹೋಗುವವರ ಶರ್ಟು, ಆಮೇಲೆ ಟವೆಲು, ಮಧ್ಯಾಹ್ನ ಸ್ವೆಟರು, ಸಂಜೆ ಕಾಲುಚೀಲ. ಕೌದಿಗೆ ಸಿಕ್ಕಿದ್ದು ರಾತ್ರಿ ಪಾಳಿ. ಬುಟ್ಟಿಯ ಮೇಲೆ ಒಂದು ಮೂಲೆ ಒಣಗುವಷ್ಟರಲ್ಲಿ ಉಳಿದ ಮೂರು ಮೂಲೆ ನೆಲದ ತಂಪು ಹೀರಿಕೊಳ್ಳುತ್ತಿದ್ದವು. ಎರಡನೇ ಮೂಲೆ ಒಣಗಿಸಿದರೆ ಮೊದಲನೆಯದು ಮತ್ತೆ ತೇವ. ಬೆಕ್ಕಿಗೆ ಮಾತ್ರ ಯಾವ ಗಳಿಗೆಯಲ್ಲಿ ಯಾವ ಮೂಲೆ ಬೆಚ್ಚಗಿದೆ ಅಂತ ಕರೆಕ್ಟಾಗಿ ಗೊತ್ತಿರುತ್ತಿತ್ತು. ನಾವು ಬೆಕ್ಕು ಮಲಗಿದ ಜಾಗ ನೋಡಿ ಕೌದಿ ತಿರುಗಿಸುತ್ತಿದ್ದೆವು. ನಡುಭಾಗದಲ್ಲಿ ಬೂಷ್ಟಿನ ಬಿಳಿ ಚುಕ್ಕಿ ಕಾಣಿಸಿದ ದಿನ ನಾನು ಗದಗಿಗೆ ಫೋನ್ ಮಾಡಿದೆ.

"ಅದೇನ್ ದೊಡ್ಡ ಮಾತಾತು?" ಅಂದಳು ಅವ್ವ. "ಮುಂಜಾನೆ ಮಾಳಿಗಿ ಮ್ಯಾಲೆ ಹರವು. ಊಟದ ಹೊತ್ತಿಗೆ ಒಣಗಿರ್ತೈತಿ."

"ಬಿಸಿಲಿಲ್ಲವ್ವ."

"ಇಲ್ಲಂದ್ರ? ಮಧ್ಯಾಹ್ನದಾಗೂ?"

ಇಷ್ಟು ವರ್ಷವಾದರೂ ಅವಳಿಗೆ ಇದು ಅರ್ಥವಾಗಿಲ್ಲ. ನಾನು ಸರಿಯಾಗಿ ಹುಡುಕುತ್ತಿಲ್ಲ ಅನ್ನುವ ಧಾಟಿ.

ಪುಣ್ಯಕ್ಕೆ ಇವರಿಗೆ ಧಾರವಾಡದಲ್ಲಿ ಆಫೀಸಿನ ಟ್ರೈನಿಂಗ್ ಬಂತು. ಹಸಿ ಕೌದಿಯನ್ನು ಗೋಣಿಚೀಲಕ್ಕೆ ತುಂಬಿ ಅವರ ಕೈಗೆ ಕೊಟ್ಟೆ. ಬಸ್ಸಿನಲ್ಲಿ ಚೀಲದಿಂದ ನೀರು ತೊಟ್ಟಿಕ್ಕಿತಂತೆ. "ಮೀನು ಒಳಗಡೆ ಇಡೋ ಹಾಗಿಲ್ಲ ಸಾರ್" ಅಂದರಂತೆ ಕಂಡಕ್ಟರ್. ಮೀನಲ್ಲ, ಹಾಸಿಗೆ, ಒಣಗಿಸಲು ಗದಗಿಗೆ ಹೋಗ್ತಿದೆ ಅಂದರೆ ಯಾರು ನಂಬುತ್ತಾರೆ? ಇವರು ಚೀಲ ಬಿಚ್ಚಿ ತೋರಿಸಬೇಕಾಯಿತು. ಹೊಗೆ, ಬೂಷ್ಟು, ಮದ್ದು ಸೊಪ್ಪು ಮೂರೂ ಸೇರಿದ ವಾಸನೆಗೆ ಹಿಂದಿನ ಸೀಟಿನವರು ಮೀನೇ ವಾಸಿಯಿತ್ತು ಅಂದರಂತೆ. ಟ್ರೈನಿಂಗ್ ಮುಗಿಸಿ ಬಂದವರು ಎರಡು ದಿನ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ.

ಗದಗಿನಲ್ಲಿ ಕೌದಿ ಒಂದೇ ಮಧ್ಯಾಹ್ನಕ್ಕೆ ಒಣಗಿತು. ಕಲೆಯೂ ಬಿಸಿಲಿಗೆ ತಿಳಿಯಾಗಿದೆಯಂತೆ. ಹೋಂಸ್ಟೇಯವರು ದಸರಾಕ್ಕೆ ರೂಮುಗಳೆಲ್ಲ ಬುಕ್ಕಾಗಿವೆ, ಕೌದಿ ಯಾವಾಗ ಅಂತ ಒಂದೇ ಸಮನೆ ಕೇಳುತ್ತಿದ್ದರು. ಮಡಿಕೇರಿ ಕಡೆ ಬರುವವರು ಯಾರಾದರೂ ಇದ್ದರೆ ಕೊಟ್ಟು ಕಳಿಸು ಅಂತ ಅವ್ವನಿಗೆ ಫೋನ್ ಮಾಡಿದೆ.

"ಕಳಿಸೂದ್ ಎಲ್ಲಿಂದ?" ಅಂದಳು. "ನಿಮ್ಮಪ್ಪ ಹೊದ್ದು ಮಲಗ್ಯಾರ. ಭಾಳ ಚೊಲೋ ಐತಂತ. ನಿನಗೇನ್, ಇನ್ನೊಂದು ಹೊಲಕೊ. ಹೆಂಗೂ ಮನ್ಯಾಗ ಕುಂತಿರ್ತಿ, ಹೊರಗ ಮಳಿ."