ಹುಲ್ಲಿನ ಮಾಡಿನ ವಯಸ್ಸು

"ಇಪ್ಪತ್ತು ವರ್ಷದ ಮಾಡು ಇದು. ಇದಕ್ಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ ಮಾರಾಯಾ?"

ಇಂಗ್ಲೆಂಡಿನ ವೋಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಎಂಬ ಹಳ್ಳಿಯಲ್ಲಿ, ಫ್ಲೀಸ್ ಇನ್ ಪಬ್ಬಿನ ಮುಂದೆ ನಿಂತು ನನ್ನ ಗೆಳೆಯ ಕೇಳಿದ್ದು. ಅವನ ಲೆಕ್ಕ ಸರಿಯೇ. 2004ರಲ್ಲಿ ಬೆಂಕಿ ಬಿದ್ದು ಇದರ ಹುಲ್ಲಿನ ಮಾಡು ಹೋಯಿತು. ಮರುವರ್ಷ ಹೊಸದು ಹೊದಿಸಿ ಬಾಗಿಲು ತೆರೆದರು. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಬಿಯರ್ ಎದುರಿಗಿದ್ದಾಗ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಹುಲ್ಲಿನ ಮಾಡು ಯಾವತ್ತಾದರೂ ಹಳೇದಾಗಿ ಉಳಿಯುತ್ತದಾ? ಗೋಧಿ ಹುಲ್ಲಾದರೆ ಇಪ್ಪತ್ತು ಚಿಲ್ಲರೆ ವರ್ಷ. ನೆತ್ತಿಯ ಹುಲ್ಲನ್ನಂತೂ 10–15 ವರ್ಷಕ್ಕೊಮ್ಮೆ ಬದಲಿಸಲೇಬೇಕು. ನಮ್ಮ ಮಲೆನಾಡಲ್ಲಿ ಮಳೆಗಾಲಕ್ಕೆ ಮುಂಚೆ ಹೊಸ ಸೋಗೆ ಹೊದಿಸುತ್ತಿದ್ದರಲ್ಲ, ಆಗ ಅಜ್ಜನ ಮನೆ ಹೊಸ ಮನೆ ಆಗುತ್ತಿತ್ತಾ?

ಉಳಿಯುವುದು ಕಟ್ಟುವ ಬಗೆ. ಮಾಡು ಸುಮಾರು 50 ಡಿಗ್ರಿ ಇಳಿಜಾರಿರಬೇಕು. ಆಗ ಮಳೆನೀರು ಕಡ್ಡಿಯಿಂದ ಕಡ್ಡಿಗೆ ಜಾರಿ ಬೀಳುತ್ತದೆ, ಮೇಲಿನ ಪದರ ಬಿಟ್ಟರೆ ಒಳಗೆಲ್ಲ ಒಣ. ಹುಲ್ಲಿನ ಮಾಡಿನ ಅಂಚಿಗೆ ಸಾಮಾನ್ಯವಾಗಿ ಮಳೆನೀರು ಹರಿಯುವ ದೋಣಿ ಕಟ್ಟುವುದಿಲ್ಲ. ಸೂರು ಗೋಡೆಗಿಂತ ಅಷ್ಟು ಮುಂದೆ ಚಾಚಿರುವುದು ಅದಕ್ಕೇ. ಹುಲ್ಲನ್ನು ಬಿಗಿಯಲು ಹೇಝಲ್ ಮರದ ಕಡ್ಡಿಯನ್ನು ಸೀಳಿ, ತಿರುಚಿ, ಹೇರ್‌ಪಿನ್ನಿನಂತೆ ಬಗ್ಗಿಸಿ ಚುಚ್ಚುತ್ತಾರೆ. ಹುಲ್ಲಿನದೇ ದೊಡ್ಡ ಪಜೀತಿ. ಈಗಿನ ಗೋಧಿ ತಳಿಗಳು ಕುಳ್ಳು. ಸಾಲದ್ದಕ್ಕೆ ಕೊಯ್ದು ಕಾಳು ಬಿಡಿಸುವ ಕಂಬೈನ್ ಯಂತ್ರ ಹುಲ್ಲನ್ನೆಲ್ಲ ಜಜ್ಜಿಹಾಕುತ್ತದೆ. ಹಾಗಾಗಿ ಉದ್ದ ಹುಲ್ಲಿನ ಹಳೇ ತಳಿಯನ್ನು ಮಾಡಿಗೆಂದೇ ಬೆಳೆದು, ಕೊಯ್ದು ಕಟ್ಟು ಕಟ್ಟುವ ಹಳೇ ಬೈಂಡರ್ ಯಂತ್ರ ಬಳಸುವ ರೈತರಿದ್ದಾರೆ. ಹುಲ್ಲಿಗೋಸ್ಕರ ಗೋಧಿ!

ಇನ್ನು ಮಾಡಿನ ಕೆಳಗಿರುವುದು 15ನೇ ಶತಮಾನದ ರೈತನ ಮನೆ. ಮರದ ಚೌಕಟ್ಟಿನ ಗೋಡೆ, ಚಪ್ಪಡಿ ಕಲ್ಲಿನ ನೆಲ. ಒಂದೇ ಉದ್ದ ಸೂರಿನಡಿ ಜನ ಒಂದು ಕಡೆ, ದನಕರು ಇನ್ನೊಂದು ಕಡೆ ಇದ್ದ ಮನೆ. 1848ರಲ್ಲಿ ಪಬ್ಬಾಯಿತು. ಮನೆ ಕಟ್ಟಿದ ರೈತನ ವಂಶದ ಲೋಲಾ ಟಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಇದು ಅವರ ಇಚ್ಛೆಯಂತೆ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಚಿಮಣಿಯಿಂದ ಮಾಟಗಾತಿ ಇಳಿಯದಿರಲಿ ಅಂತ ಬೆಂಕಿಗೂಡಿನ ಮುಂದೆ ಬಿಳಿ ವೃತ್ತ ಬರೆಯುತ್ತಿದ್ದರು, ಅವೂ ಇವೆ. ಇದನ್ನು ಮ್ಯೂಸಿಯಂ ಮಾಡದೆ ಪಬ್ಬಾಗಿಯೇ ಬಿಟ್ಟರಲ್ಲ, ನನಗೆ ಜಾಸ್ತಿ ಇಷ್ಟವಾಗಿದ್ದು ಅದು. ಸುಮ್ನೆ ಹಗ್ಗ ಕಟ್ಟಿ ಬೋರ್ಡು ಹಾಕಿದ್ದರೆ ಯಾರು ಕೂರುತ್ತಿದ್ದರು?

ಹೊರಡುವಾಗ ಜಿಟಿಜಿಟಿ ಮಳೆ. ಗೆಳೆಯ ಸೂರಿನಡಿ ನಿಂತು ಸಿಗರೇಟು ತೆಗೆದ. ಒಮ್ಮೆ ತಲೆ ಎತ್ತಿ ಹುಲ್ಲು ನೋಡಿದ. ಆಮೇಲೆ ಏನೂ ಮಾತಾಡದೆ ರಸ್ತೆ ದಾಟಿ, ಮಳೆಯಲ್ಲೇ ನಿಂತು ಹಚ್ಚಿಕೊಂಡ.