ಮಾವ ಮಂಗಳೂರಿಗೆ ಇಳಿದ ಬಗೆ

ಮಂಗಳೂರಿನಲ್ಲಿ ದಾರಿ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ತೂಗುತ್ತಿದ್ದ ತಕ್ಕಡಿಯನ್ನು ಹಾಗೆಯೇ ಬಿಟ್ಟು, ಅಂಗಡಿಯಿಂದ ಇಳಿದು ಬಂದು, ಮಳೆಯಿದ್ದರೆ ನಮಗೂ ಕೊಡೆ ಹಿಡಿದು ವಿವರಿಸುತ್ತಾರೆ. ತೊಂದರೆ ಒಂದೇ. ಅವರು ಹೇಳುವ ಗುರುತುಗಳಲ್ಲಿ ಅರ್ಧಕ್ಕರ್ಧ ಈಗ ಇಲ್ಲ.

"ಜ್ಯೋತಿಯಲ್ಲಿ ಇಳಿಯಿರಿ" ಎನ್ನುತ್ತಾರೆ. ಇಳಿದು ನೋಡಿದರೆ ಜ್ಯೋತಿ ಚಿತ್ರಮಂದಿರವೂ ಇಲ್ಲ, ಆ ಹೆಸರಿನ ಫಲಕವೂ ಇಲ್ಲ. ಅದು ಅಂಬೇಡ್ಕರ್ ವೃತ್ತ. ಲೇಡಿಹಿಲ್ ಎಂದರೆ ಈಗ ನಾರಾಯಣ ಗುರು ವೃತ್ತ. ಪಾಂಡೇಶ್ವರದಲ್ಲಿ ಒಬ್ಬರು ನನಗೆ ಕಾರ್ಪೊರೇಷನ್ ಬ್ಯಾಂಕಿನ ಗುರುತು ಹೇಳಿದ್ದರು. ಆ ಬ್ಯಾಂಕು 2020ರಲ್ಲೇ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಗಿದೆ ಎಂದರೆ, "ಅದು ಅವರ ಲೆಕ್ಕದಲ್ಲಿ ಮಾರಾಯ್ರೆ" ಎಂದರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು 1906ರಿಂದ 1931ರ ಒಳಗೆ ಐದು ಬ್ಯಾಂಕುಗಳನ್ನು ಹುಟ್ಟುಹಾಕಿದ ನಾಡು ಇದು. ಅಂಥ ಊರಿನ ಸಿಟಿ ಬಸ್ಸುಗಳೆಲ್ಲ ಕೊನೆಗೆ ಹೋಗಿ ನಿಲ್ಲುವ ಜಾಗಕ್ಕೆ ಇಟ್ಟ ಹೆಸರು ಮಾತ್ರ ಸ್ಟೇಟ್‌ಬ್ಯಾಂಕ್. ಐದು ಮಂದಿ ಮನೆಮಕ್ಕಳಿಗೆ ಹೀಗಾಗಬಾರದಿತ್ತು.

ಪಂಪ್‌ವೆಲ್‌ನದು ಇನ್ನೊಂದು ಕಥೆ. ಹಿಂದೆ ಅಲ್ಲಿ ಬಾವಿಯೂ ಪಂಪೂ ಇದ್ದವು, ಅದರಿಂದ ಆ ಹೆಸರು ಎನ್ನುತ್ತಾರೆ. ಬಾವಿ ಹೋಯಿತು, ಮೇಲ್ಸೇತುವೆ ಬಂತು. ಬಂತು ಎಂದು ಒಂದು ಮಾತಿನಲ್ಲಿ ಹೇಳಿದರೆ ಮಂಗಳೂರಿನವರು ನೊಂದುಕೊಳ್ಳುತ್ತಾರೆ. 2010ರಲ್ಲಿ ಶುರುವಾದ ಕಾಮಗಾರಿ ಮುಗಿದು ವಾಹನ ಓಡಾಡಿದ್ದು 2020ರ ಜನವರಿ ಕೊನೆಯ ದಿನ. ನಡುವಿನ ವರ್ಷಗಳಲ್ಲಿ ಆ ಸೇತುವೆಯ ಮೇಲೆ ಹುಟ್ಟಿದಷ್ಟು ಹಾಸ್ಯ ಕರಾವಳಿಯ ಯಾವ ಯಕ್ಷಗಾನ ಮೇಳದಲ್ಲೂ ಹುಟ್ಟಿರಲಾರದು. ಈಗ ಜೋರು ಮಳೆ ಬಂದಾಗ ಸೇತುವೆಯ ಅಡಿಯಲ್ಲಿ ನೀರು ನಿಲ್ಲುತ್ತದೆ. ಬಾವಿ ತನ್ನ ಜಾಗವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ.

ನಾವು ಬಾಡಿಗೆಗಿರುವ ಕಟ್ಟಡಕ್ಕೆ ಇಟಲಿಯ ಯಾವುದೋ ಊರಿನ ಹೆಸರು. ಆ ಹೆಸರನ್ನು ಆಟೊ ಚಾಲಕರಿಗೆ ಹೇಳಿದರೆ ಮುಖ ಖಾಲಿಯಾಗುತ್ತದೆ. ಓಣಿಯ ಸುಳಿವು ಕೊಟ್ಟ ಮೇಲೆ, "ಓ, ಹಲಸಿನ ಮರದ ಹಿತ್ತಿಲು! ಮೊದಲೇ ಹೇಳಬಾರದೇ?" ಎಂದು ನಮ್ಮನ್ನೇ ಗದರುತ್ತಾರೆ. ಮರವನ್ನು ನಾವು ಕಂಡಿಲ್ಲ. ಅದಿದ್ದ ಜಾಗದಲ್ಲಿ ಈಗ ಲಿಫ್ಟ್ ಇದೆ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ದೇಶವಿದೇಶಗಳ ಮನೆಗಳಿಗೆ ಸೂರು ಹೊದಿಸಿದ ಊರು ಇದು. ನಮ್ಮ ಕಟ್ಟಡದಲ್ಲಿ ಹೆಂಚು ಇರುವುದು ಕಾವಲುಗಾರನ ಕೋಣೆಗೆ ಮಾತ್ರ. ಮಳೆಗಾಲದಲ್ಲಿ ಸೋರದಿರುವುದೂ ಅದೊಂದೇ.

ಇಂಥ ಊರಿಗೆ, ಜುಲೈ ತಿಂಗಳಿನಲ್ಲಿ, ತುಮಕೂರಿನಿಂದ ನಮ್ಮ ಸೋದರಮಾವ ಹೊರಟರು.

ಮಂಗಳೂರಿಗೆ ಎರಡು ದೊಡ್ಡ ನಿಲ್ದಾಣಗಳು. ಒಂದು ಊರೊಳಗಿನ ಸೆಂಟ್ರಲ್. ಇನ್ನೊಂದು ಪಡೀಲಿನ ಬಳಿಯ ಜಂಕ್ಷನ್. ಇದಕ್ಕೆ ಮೊದಲು ಕಂಕನಾಡಿ ಎಂಬ ಹೆಸರಿತ್ತು, ಕಂಕನಾಡಿ ಪೇಟೆ ಅಲ್ಲಿಂದ ದೂರವಿದ್ದರೂ. ಬೆಂಗಳೂರಿನ ರೈಲುಗಳಲ್ಲಿ ಕೆಲವು ಸೆಂಟ್ರಲಿಗೆ ಬರುತ್ತವೆ, ಕೆಲವು ಜಂಕ್ಷನ್ನಿಗೆ. ಇದಿಷ್ಟನ್ನೂ ಮಾವನಿಗೆ ಫೋನಿನಲ್ಲಿ ಬಿಡಿಸಿ ಹೇಳಲಾಗಿತ್ತು. "ನಾನೇನು ಚಿಕ್ಕ ಹುಡುಗನೇ?" ಎಂದು ಅವರು ಬೆಂಗಳೂರಿಗೆ ಬಂದು ಹತ್ತಿದ್ದು ಪಂಚಗಂಗಾ ಎಕ್ಸ್‌ಪ್ರೆಸ್. ಕಾರವಾರಕ್ಕೆ ಹೋಗುವ ಈ ರೈಲು ಎರಡು ನಿಲ್ದಾಣಗಳನ್ನೂ ಮುಟ್ಟದೆ, ಬಂಟ್ವಾಳ ದಾಟಿ ಪಡೀಲಿನ ಬಳಿ ಹೊರಳಿಕೊಂಡು ಸೀದಾ ಸುರತ್ಕಲ್ಲಿಗೆ ಹೋಗಿ ನಿಲ್ಲುತ್ತದೆ. ಮಂಗಳೂರಿನಲ್ಲಿ ಇಳಿಯಲು ನಸುಕಿಗೂ ಮೊದಲೇ ಎದ್ದು, ಶೂ ಹಾಕಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಮಾವ ಸುರತ್ಕಲ್ಲಿನಿಂದ ಫೋನು ಮಾಡಿದರು. "ನೀನು ಹೇಳಿದ ಸ್ಟೇಷನ್ ಬರಲೇ ಇಲ್ಲವಲ್ಲ!" ಎಂಬ ಆ ಧ್ವನಿಯಲ್ಲಿ ಎರಡೂ ಸ್ಟೇಷನ್ನುಗಳನ್ನು ನಾನೇ ಎತ್ತಿ ಅಡಗಿಸಿಟ್ಟ ಹಾಗಿತ್ತು.

ಕರೆದುಕೊಂಡು ಬರುತ್ತೇನೆ ಎಂದರೆ ಒಪ್ಪಲಿಲ್ಲ. ಬೆಳಗಾದ ಮೇಲೆ ಚಹಾ ಕುಡಿದು, ಬನ್ಸ್ ತಿಂದು, ಇದು ಬಾಳೆಹಣ್ಣಿನ ಪೂರಿಯೋ ಪೂರಿಯಾಕಾರದ ಬಾಳೆಹಣ್ಣೋ ಎಂದು ಹೋಟೆಲಿನವರೊಡನೆ ಚರ್ಚಿಸಿ, ಸಿಟಿ ಬಸ್ಸು ಹತ್ತಿದರು. ಹತ್ತಿದರು ಎನ್ನುವುದಕ್ಕಿಂತ ಹತ್ತಿಸಲ್ಪಟ್ಟರು ಎನ್ನಬೇಕು. ಇಲ್ಲಿನ ಖಾಸಗಿ ಬಸ್ಸುಗಳಿಗೆ ನಿಮಿಷದ ಲೆಕ್ಕ; ಹಿಂದಿನ ಬಸ್ಸು ಬಾಲ ಹಿಡಿದಿರುತ್ತದೆ. ಮಾವನ ಒಂದು ಕಾಲು ಮೆಟ್ಟಿಲ ಮೇಲಿದ್ದಾಗಲೇ ನಿರ್ವಾಹಕ "ರೈಟ್ ಪೋಯಿ" ಎಂದು ಸೀಟಿ ಊದಿದ. ಎರಡನೆಯ ಕಾಲು ಒಳಬರುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿತ್ತಂತೆ. ಆದರೆ ಇಳಿಯುವಾಗ ಅದೇ ನಿರ್ವಾಹಕ ಮರೆಯದೆ ಚಿಲ್ಲರೆ ಕೊಟ್ಟು, ಚೀಲ ಇಳಿಸಿಕೊಟ್ಟ. ಬೈಯಬೇಕೆಂದು ಸುರತ್ಕಲ್ಲಿನಿಂದ ಕೂಡಿಸಿಟ್ಟಿದ್ದ ಮಾತುಗಳೆಲ್ಲ ಹಾಳಾದವು ಎಂದು ಮಾವ ಇಂದಿಗೂ ಪೇಚಾಡುತ್ತಾರೆ.

ಇಳಿದದ್ದು ಲಾಲ್‌ಬಾಗಿನಲ್ಲಿ. ಮಂಗಳೂರಿಗೂ ಒಂದು ಲಾಲ್‌ಬಾಗ್ ಇದೆ. ಗಾಜಿನ ಮನೆ ಇಲ್ಲ, ಮಹಾನಗರ ಪಾಲಿಕೆ ಇದೆ. ಮಾವ ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿ, "ಲಾಲ್‌ಬಾಗಿನಲ್ಲಿದ್ದೇನೆ, ಯೋಚನೆ ಮಾಡಬೇಡ" ಎಂದರು. ಮೊಬೈಲಿನ ಬ್ಯಾಟರಿ ಅಷ್ಟಕ್ಕೇ ಮುಗಿಯಿತು. ರಾತ್ರಿಯಿಡೀ ರೈಲಿನಲ್ಲಿದ್ದ ಗಂಡ ಬೆಳಿಗ್ಗೆ ಬೆಂಗಳೂರಿನಲ್ಲೇ ಇದ್ದಾನೆಂದರೆ ಯಾವ ಹೆಂಡತಿ ಯೋಚನೆ ಮಾಡದಿರುತ್ತಾಳೆ? ಅತ್ತೆ ಬೆಂಗಳೂರಿನ ಎಲ್ಲ ನೆಂಟರನ್ನೂ ಎಬ್ಬಿಸಿದರು. ಜಯನಗರದಿಂದ ಒಬ್ಬರು ಸ್ಕೂಟರಿನಲ್ಲಿ ಹೊರಟು ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಕೆರೆಯವರೆಗೆ ಹುಡುಕಿದರು. ಬೆಳಗಿನ ವಾಯುವಿಹಾರಕ್ಕೆ ಬಂದ ತುಮಕೂರಿನ ಇನ್ನೊಬ್ಬ ದೂರದ ನೆಂಟ ಅವರಿಗೆ ಸಿಕ್ಕಿದ್ದು ಈ ಗಲಾಟೆಯ ಏಕಮಾತ್ರ ಲಾಭ.

ಮನೆಗೆ ಬಂದ ಮಾವ ವಾರದೊಳಗೆ ಹೊರಡುವವರಿದ್ದರು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯಿತು, ಹೆದ್ದಾರಿ ಮುಚ್ಚಿತು, ಮಾವ ಉಳಿದರು. ಅಷ್ಟರಲ್ಲಿ ಅವರ ಚರ್ಮದ ಬೆಲ್ಟಿಗೆ ಬಿಳಿ ಬೂಸು ಹಿಡಿದಿತ್ತು. ತೊಳೆದ ಬಟ್ಟೆ ಒಣಗುವ ಲಕ್ಷಣವಿರಲಿಲ್ಲ. ನನ್ನ ಪಂಚೆ ಉಟ್ಟು ಬಾಲ್ಕನಿಯಲ್ಲಿ ನಿಂತ ಮಾವ, ಸಮುದ್ರದ ಊರಿಗೆ ಬಂದು ಮೀನಾದರೂ ತಿನ್ನದೆ ಹೋಗುವುದಿಲ್ಲ ಎಂದು ಘೋಷಿಸಿದರು.

ಅದಕ್ಕೂ ಕಾಲ ಸರಿಯಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ ಮಳೆಗೆ ಮೈಯೊಡ್ಡಿ ನಿಂತಿರುತ್ತವೆ. ಪೂರ್ವ ಕರಾವಳಿಯವರ ನಿಷೇಧ ಜೂನ್ ಮಧ್ಯಕ್ಕೇ ಮುಗಿಯುವುದರಿಂದ ಅತ್ತಲಿನ ಮೀನು ಮಂಜುಗಡ್ಡೆಯಲ್ಲಿ ಕುಳಿತು ಲಾರಿಯಲ್ಲಿ ಬರುತ್ತದೆ. ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಅಮ್ಮ ಬಂಗುಡೆಗೆ ಹೇಳಿದ ಬೆಲೆ ಕೇಳಿ ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಪಂಚಗಂಗಾದ ಕಥೆ ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು.

"ಎಲ್ಲಿಯ ಮೀನಮ್ಮ ಇದು?" ಎಂದು ಅನುಮಾನದಿಂದ ಕೇಳಿದರು.

"ತಮಿಳುನಾಡಿನದ್ದು" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ಆದರೆ ಮಂಗಳೂರಿನಲ್ಲಿಯೇ ಇಳಿದಿದೆ."