ಹೆಬ್ಬೆರಳನ್ನು ಕೇಳಿಯೇ ಟ್ಯೂಬ್ ತೆಗೆಯಬೇಕೇ?

ಆಪರೇಷನ್‌ಗಾಗಿ ಮೈಯೆಲ್ಲ ಸಡಿಲ ಮಾಡುವ ಔಷಧಿ ಕೊಡುತ್ತಾರೆ. ಆಗ ಉಸಿರಾಟದ ಸ್ನಾಯುಗಳೂ ಸಡಿಲವಾಗುವುದರಿಂದ ಗಂಟಲಿಗೆ ಟ್ಯೂಬ್ ಹಾಕಿ ಉಸಿರು ಕೊಡುತ್ತಾರೆ. ಟ್ಯೂಬ್ ತೆಗೆಯುವ ಮುಂಚೆ ಔಷಧಿ ಪೂರ್ತಿ ಇಳಿದಿದೆಯೇ ಎಂದು ಅಳೆಯುವ ಮಾನಿಟರ್, ಆ ಔಷಧಿ ಕೊಟ್ಟ ಪ್ರತಿ ಕೇಸಿನಲ್ಲೂ ಕಡ್ಡಾಯವಾಗಬೇಕೇ? ಇಬ್ಬರು ಅರಿವಳಿಕೆ ವೈದ್ಯರ ವಾದ ಇಲ್ಲಿದೆ.

ಪರ

ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಮುಗಿದಿತ್ತು. ಸಡಿಲಿಕೆ ಇಳಿಸುವ ರಿವರ್ಸಲ್ ಇಂಜೆಕ್ಷನ್ ಕೊಟ್ಟಾಗಿತ್ತು. "ತಲೆ ಎತ್ತಿ ಅಮ್ಮಾ" ಅಂದೆ. ಎತ್ತಿದರು, ಐದು ಎಣಿಸುವವರೆಗೆ ಹಿಡಿದೂ ಇದ್ದರು. ನಮಗೆ ಕಲಿಸಿದ್ದೇ ಈ ಪರೀಕ್ಷೆ. ಟ್ಯೂಬ್ ತೆಗೆದೆ. ರಿಕವರಿ ರೂಮಿಗೆ ಬಂದು ಹತ್ತು ನಿಮಿಷ ಆಗಿಲ್ಲ, ಎಂಜಲು ನುಂಗಲಾಗದೆ ಗಂಟಲಲ್ಲಿ ಗೊರಗೊರ ಸದ್ದು. ಆಕ್ಸಿಜನ್ ಇಳಿಯತೊಡಗಿತು. ಮಾಸ್ಕ್ ಹಿಡಿದು ಉಸಿರು ಕೊಟ್ಟೆವು, ಸುಧಾರಿಸಿದರು. ಮರುದಿನ ರೌಂಡ್ಸ್‌ಗೆ ಹೋದಾಗ ಹೇಳಿದರು: "ನೀವೆಲ್ಲ ಮಾತಾಡೋದು ಕೇಳಿಸ್ತಿತ್ತು ಡಾಕ್ಟ್ರೇ. ಉಸಿರು ಎಳ್ಕೊಳಕ್ಕೇ ಆಗ್ತಿರ್ಲಿಲ್ಲ."

ಆ ಮಾತು ಕೇಳಿದ ಮೇಲೆ ತಲೆ ಎತ್ತುವ ಪರೀಕ್ಷೆ ಮೇಲೆ ನನಗೆ ನಂಬಿಕೆ ಹೋಯಿತು.

ಮಾನಿಟರ್ ಮಾಡುವ ಕೆಲಸ ಸರಳ. ಮಣಿಕಟ್ಟಿನಲ್ಲಿ, ಕಿರುಬೆರಳ ಕಡೆ, ಅಲ್ನಾರ್ ನರದ ಮೇಲೆ ಎರಡು ಎಲೆಕ್ಟ್ರೋಡ್ ಅಂಟಿಸುತ್ತೇವೆ. ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಲ ಕರೆಂಟು. ಪ್ರತಿ ಸಲ ಹೆಬ್ಬೆರಳು ಅಂಗೈ ಕಡೆ ಮಿಡಿಯುತ್ತದೆ. ಔಷಧಿ ಉಳಿದಿದ್ದರೆ ಒಂದಕ್ಕಿಂತ ಒಂದು ಮಿಡಿತ ಸಣ್ಣದಾಗುತ್ತಾ ಹೋಗುತ್ತದೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವ ಸಂಖ್ಯೆ 0.9 ದಾಟಿರಬೇಕು. ಇದೇ 'ಟ್ರೈನ್ ಆಫ್ ಫೋರ್'. 1970ರ ಸುಮಾರಿಗೇ ಬಂದ ವಿಧಾನ.

ಸುಮ್ನೆ ಕಣ್ಣಲ್ಲಿ ನೋಡಿದರೆ, ಕೈಯಲ್ಲಿ ಮುಟ್ಟಿದರೆ ಸಾಲದೇ ಅಂತೀರಾ? ಸಾಲದು. ಈ ಸಂಖ್ಯೆ 0.4 ದಾಟಿತೆಂದರೆ ಎಷ್ಟೇ ಅನುಭವಿಗೂ ನಾಲ್ಕೂ ಮಿಡಿತ ಒಂದೇ ಥರ ಕಾಣುತ್ತವೆ. 0.6 ಇದ್ದಾಗಲೂ ರೋಗಿ ಐದು ಸೆಕೆಂಡ್ ತಲೆ ಎತ್ತಬಲ್ಲ, ಆದರೆ ಗಂಟಲ ಸ್ನಾಯುಗಳು ಇನ್ನೂ ಎದ್ದಿರುವುದಿಲ್ಲ. ಅಂದರೆ 0.4ರಿಂದ 0.9ರವರೆಗೆ ನಾವು ಕತ್ತಲಲ್ಲಿ ನಡೆಯುತ್ತೇವೆ. ನನ್ನ ರೋಗಿ ಸಿಕ್ಕಿಕೊಂಡಿದ್ದೂ ಅಲ್ಲೇ ಇರಬೇಕು.

"ಒಂದೇ ಡೋಸ್ ಕೊಟ್ಟಿದ್ದು, ಗಂಟೆ ಆಯ್ತು, ಇಳಿದಿರುತ್ತೆ ಬಿಡಿ" ಅನ್ನುವುದು ಓಟಿಯಲ್ಲಿ ದಿನಾ ಕೇಳುವ ಮಾತು. ಫ್ರಾನ್ಸಿನಲ್ಲಿ ಹೀಗೆ ಒಂದೇ ಡೋಸ್ ಕೊಟ್ಟು, ರಿವರ್ಸಲ್ ಕೊಡದ 526 ಜನರನ್ನು ರಿಕವರಿ ರೂಮಿನಲ್ಲಿ ಅಳೆದರು. 2003ರಲ್ಲಿ ಪ್ರಕಟವಾದ ಅಧ್ಯಯನ ಅದು. ಶೇ. 45 ಮಂದಿ 0.9ಕ್ಕಿಂತ ಕೆಳಗಿದ್ದರು. ಎರಡು ಗಂಟೆ ದಾಟಿದವರಲ್ಲೂ ಶೇ. 37.

ಹಾಗಾದರೆ ಎಲ್ಲರಿಗೂ ರಿವರ್ಸಲ್ ಚುಚ್ಚಿದರಾಯಿತು ಅಲ್ವಾ? ರಿವರ್ಸಲ್ ಔಷಧಿ ನಿಯೋಸ್ಟಿಗ್ಮಿನ್‌ಗೆ ಒಂದು ಮಿತಿಯಿದೆ. ಸಡಿಲಿಕೆ ಆಳವಾಗಿದ್ದಾಗ ಎಷ್ಟು ಸುರಿದರೂ ಅದು ಪೂರ್ತಿ ಎಬ್ಬಿಸುವುದಿಲ್ಲ. ಇನ್ನೊಂದು ರಿವರ್ಸಲ್ ಔಷಧಿ ಸುಗಮ್ಮಡೆಕ್ಸ್ ಆಳದಿಂದಲೂ ಎಬ್ಬಿಸುತ್ತದೆ, ಆದರೆ ಕಿಲೋಗೆ 2 ಮಿಲಿಗ್ರಾಂ ಕೊಡಬೇಕೋ 4 ಕೊಡಬೇಕೋ ಅನ್ನುವುದನ್ನು ಮತ್ತೆ ಆ ಹೆಬ್ಬೆರಳೇ ಹೇಳಬೇಕು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರ ತನ್ನ ಮಾರ್ಗಸೂಚಿಯಲ್ಲಿ ಸಂಖ್ಯೆ ತೋರಿಸುವ ಮಾನಿಟರನ್ನೇ ಬಳಸಿ ಎಂದಿದೆ. ಕಡ್ಡಾಯ ಮಾಡದೆ ಯಾರೂ ಕೊಳ್ಳುವುದಿಲ್ಲ. ಆಸ್ಪತ್ರೆ ಮಾಲೀಕರ ಹತ್ತಿರ ಎರಡು ವರ್ಷ ಬೇಡಿ ನೋಡಿದವನು ನಾನು.

ವಿರೋಧ

ಮಾನಿಟರ್ ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು 'ಕಡ್ಡಾಯ' ಅನ್ನುವ ಮಾತಿನ ಮೇಲೆ. ನಾನು ತಾಲ್ಲೂಕು ಕೇಂದ್ರದಲ್ಲಿ ಕೆಲಸ ಮಾಡುವವಳು. ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಇಟ್ಟುಕೊಂಡು ದಿನಕ್ಕೆ ಮೂರು ನರ್ಸಿಂಗ್ ಹೋಮ್ ಸುತ್ತುತ್ತೇನೆ. ಕೆಲವು ಕಡೆ ಟ್ಯೂಬ್ ಸರಿಯಾದ ಜಾಗದಲ್ಲಿದೆ ಎಂದು ಖಚಿತ ಮಾಡುವ ಕ್ಯಾಪ್ನೋಗ್ರಾಫೇ ಇರುವುದಿಲ್ಲ. ಮಾಲೀಕರು ಒಂದೇ ಯಂತ್ರಕ್ಕೆ ದುಡ್ಡು ಬಿಚ್ಚುತ್ತಾರೆ ಅಂದರೆ ನಾನು ಕೇಳುವುದು ಅದನ್ನು.

ಇನ್ನು ಆ ಹೆಬ್ಬೆರಳಿನ ಕಥೆ. ಜಾಸ್ತಿ ಬಳಕೆಯಲ್ಲಿರುವ ಮಾನಿಟರ್ ಹೆಬ್ಬೆರಳಿನ ವೇಗೋತ್ಕರ್ಷ, ಅಂದರೆ ಅದರ ವೇಗ ಎಷ್ಟು ಬೇಗ ಏರುತ್ತದೆ ಎಂಬುದನ್ನು, ಅಳೆಯುತ್ತದೆ. ಬೆರಳು ಆರಾಮಾಗಿ ಆಡಬೇಕು. ಲ್ಯಾಪ್ರೋಸ್ಕೋಪಿಯಲ್ಲಿ ಕೈಯನ್ನು ಪಕ್ಕಕ್ಕೆ ಒತ್ತಿ ಬಟ್ಟೆ ಸುತ್ತಿರುತ್ತೇವೆ, ಮೇಲೆ ಸರ್ಜನ್ ಒರಗಿರುತ್ತಾರೆ. ಬೆರಳು ಎಲ್ಲಿ ಆಡಬೇಕು? ಆಗ ಎಲ್ಲರೂ ಮಾಡುವ ಉಪಾಯ, ಎಲೆಕ್ಟ್ರೋಡನ್ನು ಮುಖಕ್ಕೆ ಅಂಟಿಸುವುದು. ಹುಬ್ಬಿನ ಸ್ನಾಯು ಹೆಬ್ಬೆರಳಿಗಿಂತ ಬೇಗ ಚೇತರಿಸಿಕೊಳ್ಳುತ್ತದೆ. ಹುಬ್ಬು ನೋಡಿ ಟ್ಯೂಬ್ ತೆಗೆದರೆ ಏನೂ ನೋಡದೆ ತೆಗೆದದ್ದಕ್ಕಿಂತ ಅಪಾಯ, ಯಾಕಂದರೆ ಈಗ ಧೈರ್ಯವೂ ಸೇರಿರುತ್ತದೆ.

ಇನ್ನೊಂದು ಕಿರಿಕಿರಿ. ಈ ಮಾದರಿಯ ಯಂತ್ರದಲ್ಲಿ ಔಷಧಿ ಕೊಡುವ ಮುಂಚೆಯೇ ಸಂಖ್ಯೆ 1 ದಾಟಿ 1.1, 1.15 ಬರುವುದುಂಟು. ಹಾಗಿದ್ದಾಗ ಕೊನೆಗೆ ಕಾಣುವ 0.9 ನಿಜವಾದ 0.9 ಅಲ್ಲ. ಆದ್ದರಿಂದ ರೋಗಿ ನಿದ್ದೆಹೋದ ಮೇಲೆ, ಸಡಿಲ ಮಾಡುವ ಔಷಧಿಗೆ ಮುಂಚೆ, ಒಂದು ಸಲ ಅಳೆದುಕೊಳ್ಳಬೇಕು. ತುರ್ತು ಅಪೆಂಡಿಕ್ಸ್ ಕೇಸಿನಲ್ಲಿ, ಹೊಟ್ಟೆ ತುಂಬಿದ ರೋಗಿಗೆ ಟ್ಯೂಬ್ ಹಾಕುವ ಆತುರದಲ್ಲಿ, ಇದಕ್ಕೆ ಪುರುಸೊತ್ತೆಲ್ಲಿ?

ಮೇಲಿನವರು ಒಂದು ಅಧ್ಯಯನ ತೋರಿಸಿದರು, ನಾನೂ ಒಂದು ತೋರಿಸುತ್ತೇನೆ. ಯುರೋಪಿನ 28 ದೇಶಗಳ 22 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 'ಪಾಪ್ಯುಲರ್' ಅಧ್ಯಯನ, 2019ರದ್ದು. ಮಾನಿಟರ್ ಹಾಕಿದ್ದರಿಂದ ಆಪರೇಷನ್ ನಂತರದ ಶ್ವಾಸಕೋಶದ ತೊಂದರೆ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ಆಮೇಲೆ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದವರು, 0.95 ದಾಟಿಸಿ ಟ್ಯೂಬ್ ತೆಗೆದರೆ ಲಾಭವಿದೆ ಅಂದರು. ಇರಬಹುದು. ಅಂದರೆ ಯಂತ್ರ ಅಂಟಿಸಿದರೆ ಸಾಲದು, ಸಂಖ್ಯೆ ಬರುವವರೆಗೆ ಕಾಯಬೇಕು. ಮುಂದಿನ ಕೇಸು ಬಾಗಿಲಲ್ಲಿ ನಿಂತಿರುವಾಗ ಕಾಯಲು ಬಿಡುವವರು ಯಾರು?

ನನ್ನ ದಾರಿ ಹಳೆಯದು. ಬೆನ್ನಿಗೆ ಚುಚ್ಚಿ ಮರಗಟ್ಟಿಸುವ ಸ್ಪೈನಲ್‌ನಲ್ಲಿ ಆಗುವ ಕೆಲಸಕ್ಕೆ ಈ ಔಷಧಿಯನ್ನೇ ಮುಟ್ಟುವುದಿಲ್ಲ. ಬೇಕೇಬೇಕಾದರೆ ಅಟ್ರಾಕ್ಯುರಿಯಂ, ಅದು ಮೈಯ ಬಿಸಿಗೆ, ರಕ್ತದ ಕಿಣ್ವಗಳಿಗೆ ಬಹುಪಾಲು ಒಡೆದುಹೋಗುತ್ತದೆ, ಕಿಡ್ನಿ ಲಿವರ್ ಕಾಯಬೇಕಿಲ್ಲ. ಕೊನೆಯ ಅರ್ಧ ಗಂಟೆ ಹೊಸ ಡೋಸ್ ಕೊಡುವುದಿಲ್ಲ. ರಿವರ್ಸಲ್ ಯಾವತ್ತೂ ತಪ್ಪಿಸುವುದಿಲ್ಲ. ಕೊಟ್ಟ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಕೂರುತ್ತೇನೆ. ಇಷ್ಟೆಲ್ಲ ಮಾಡಿದರೂ ಒಬ್ಬಿಬ್ಬರು ತಪ್ಪಿಸಿಕೊಂಡಿರಬಹುದು, ಇಲ್ಲ ಅನ್ನುವುದಿಲ್ಲ.

ಯಾರಾದರೂ ಒಂದು ಮಾನಿಟರ್ ತಂದು ನನ್ನ ಬ್ಯಾಗಿಗೆ ಹಾಕಿದರೆ ನಾಳೆಯಿಂದಲೇ ಬಳಸುತ್ತೇನೆ. ಯಂತ್ರ ಕೊಡದೆ ಬರೀ ನಿಯಮ ಬಂದರೆ ಕೇಸ್ ಶೀಟಿನಲ್ಲಿ ಇನ್ನೊಂದು ಕಾಲಂ ಹುಟ್ಟುತ್ತದೆ ಅಷ್ಟೇ. ಅದರಲ್ಲಿ ಎಲ್ಲ ರೋಗಿಗಳಿಗೂ ಏನು ಬರೆದಿರುತ್ತಾರೆ ಅಂತ ಈಗಲೇ ಹೇಳಬಲ್ಲೆ: 0.9.